ಬಾಯಲ್ಲಿ ಗುಂಡುಸೂಜಿ

ಗುಂಡಿ ಬಾಯಿ ತೆರೆಯಲಿಲ್ಲ.

ದರ್ಜಿ ಚಮಚವನ್ನು ಮಗುವಿನ ತುಟಿಗೆ ತಾಗುವಷ್ಟು ಹತ್ತಿರ ತಂದು, ಕೈ ಒಂದಿಷ್ಟೂ ಅಲುಗದಂತೆ ಹಿಡಿದು ಕಾದ. ಚಮಚದಲ್ಲಿ ಮೆತ್ತಗೆ ಬೇಯಿಸಿ ಹಿಸುಕಿದ ಕ್ಯಾರೆಟ್ಟು, ಅದರ ಮೇಲೆ ಹೊಳೆಯುವ ಒಂದು ಹನಿ ಬೆಣ್ಣೆ. ಮಗು ಅದನ್ನು ನೋಡಲೇ ಇಲ್ಲ. ಅಪ್ಪನ ಮುಖವನ್ನೇ ನೋಡಿತು. ಆಮೇಲೆ ಎರಡೂ ತುಟಿಗಳನ್ನು ಒಳಕ್ಕೆಳೆದುಕೊಂಡು, ಒಳಗಿನಿಂದ ಚಿಲಕ ಹಾಕಿದ ಹಾಗೆ ಬಿಗಿಯಾಗಿ ಮುಚ್ಚಿತು.

"ಒಂದೇ ಒಂದು ತುತ್ತು, ನನ್ನಮ್ಮ ಅಲ್ವಾ," ಅಂದ ದರ್ಜಿ.

ಅವನಮ್ಮ ತುಟಿ ಪಿಟಕ್ಕೆನ್ನಲಿಲ್ಲ.

ಹುಟ್ಟಿದಾಗ ಮುಖ ಅಂಗಿಯ ಗುಂಡಿಯಷ್ಟು ದುಂಡಗಿತ್ತು ಅಂತ ಅವನೇ ಮಗಳಿಗೆ ಇಟ್ಟ ಅಡ್ಡಹೆಸರು, ಗುಂಡಿ. ನಿಜವಾದ ಹೆಸರು ಆಸ್ಪತ್ರೆಯ ಕಾಗದದಲ್ಲೇ ಉಳಿಯಿತು, ಮನೆಯಲ್ಲಿ ಗುಂಡಿ ಅನ್ನುವುದೇ ನಿಂತಿತು. ಈಗ ಆ ದುಂಡು ಮುಖ ಉದ್ದವಾಗತೊಡಗಿತ್ತು. ಅವಳ ಓರಗೆಯ ಮಕ್ಕಳು ಬ್ರೆಡ್ಡಿನ ಅಂಚು ಕಡಿಯುತ್ತಿದ್ದರು, ಅನ್ನ ಮುಖಕ್ಕೆಲ್ಲ ಬಳಿದುಕೊಳ್ಳುತ್ತಿದ್ದರು. ಗುಂಡಿಗೆ ಬಾಟಲಿ ಬಿಟ್ಟರೆ ಬೇರೆ ಲೋಕವೇ ಇಲ್ಲ. ಬಾಟಲಿ ಕಂಡರೆ ಎರಡೂ ಕೈ ಚಾಚಿ ಬರುತ್ತಿದ್ದಳು, ಕುಡಿದು ಮುಗಿಸಿ ನಿಟ್ಟುಸಿರು ಬಿಡುತ್ತಿದ್ದಳು, ಖಾಲಿ ಬಾಟಲಿಯನ್ನು ತಬ್ಬಿಕೊಂಡೇ ಮಲಗುತ್ತಿದ್ದಳು.

ಡಾಕ್ಟರಮ್ಮ ತೂಕದ ತಟ್ಟೆಯ ಮೇಲೆ ಅವಳನ್ನು ಕೂರಿಸಿ, ಮುಳ್ಳನ್ನು ನೋಡಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಹೇಳಿದ್ದು ಇಷ್ಟು: "ಬರೀ ಹಾಲಿಂದ ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ. ರಕ್ತ ಕಮ್ಮಿಯಾಗ್ತಿದೆ. ಇನ್ನು ತಿನ್ನೋದು ಕಲೀಲೇಬೇಕು. ಹಗಲೆಲ್ಲ ಮಗು ಯಾರ ಹತ್ರ ಇರುತ್ತೆ?"

"ನನ್ನ ಹತ್ರ," ಅಂದಿದ್ದ ದರ್ಜಿ, ತಪ್ಪು ಒಪ್ಪಿಕೊಂಡವನ ಹಾಗೆ.

ಅವನ ಹತ್ತಿರವೇ. ಹೆಂಡತಿಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ. ಬೆಳಗಿನ ಮೊದಲ ಬಸ್ಸಿಗೆ ಮುಂಚೆ ಹೋಗಿ ಗಾಜಿನ ಹಿಂದೆ ಕೂತರೆ ಸಂಜೆಯವರೆಗೂ ಏಳುವ ಹಾಗಿಲ್ಲ. ಮನೆಗೆ ಬಂದಾಗ ಮಗು ನಿದ್ದೆಗಣ್ಣಲ್ಲಿ ಇರುತ್ತಿತ್ತು. ಅಮ್ಮ ಅಂದರೆ ಮಡಿಲು, ಮಡಿಲು ಅಂದರೆ ಬಾಟಲಿ. ಆ ಹೊತ್ತಿನಲ್ಲಿ ಚಮಚ ತೋರಿಸಿದರೆ ಮನೆಯೇ ಹಾರಿಹೋಗುವ ಹಾಗೆ ಅಳು. ಹಾಗಾಗಿ ಊಟ ಕಲಿಸುವ ಹೊಣೆ ಹಗಲಿನದ್ದು, ಅಂದರೆ ದರ್ಜಿಯದು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಆಳೆತ್ತರದ ಕನ್ನಡಿ, ಗಿರಾಕಿಗಳು ಹತ್ತಿ ನಿಲ್ಲಲು ಒಂದು ಮರದ ಮಣೆ, ಒಳಮನೆಗೆ ಒಂದು ಪರದೆ. ಹೊಸ ಬಟ್ಟೆ ಹೊಲಿಸುವವರು ಈಗ ಕಡಿಮೆ. ಉದ್ದ ಕಡಿಮೆ ಮಾಡುವುದು, ಸೊಂಟ ಬಿಚ್ಚುವುದು, ಜಿಪ್ಪು ಬದಲಿಸುವುದು, ಇಂಥ ಕೆಲಸವೇ ಹೆಚ್ಚು. ಬೇರೆಯವರ ಹೊಟ್ಟೆ ಬೆಳೆದದ್ದು ಇಳಿದದ್ದು ಎಲ್ಲ ಅವನ ಟೇಪಿಗೆ ಗೊತ್ತಾಗುತ್ತಿತ್ತು. ತನ್ನ ಮಗಳ ಹೊಟ್ಟೆಯ ವಿಷಯದಲ್ಲಿ ಮಾತ್ರ ಅವನಿಗೆ ದಿಕ್ಕೇ ತೋಚಲಿಲ್ಲ.

ಮಾಡದ ಪ್ರಯತ್ನವಿಲ್ಲ. ಉಕ್ಕಿನ ಚಮಚ ತಣ್ಣಗಿರುತ್ತದೇನೋ ಅಂತ ಮರದ್ದು ತಂದ, ಮರದ್ದು ಒರಟೇನೋ ಅಂತ ರಬ್ಬರಿನದು. ಆಲೂಗಡ್ಡೆ, ಬಾಳೆಹಣ್ಣು, ನೀರಿನಂತೆ ಬೆಂದ ಅನ್ನ. ಬಾಟಲಿಯನ್ನು ಕಪಾಟಿನ ಮೇಲೆ ಬಚ್ಚಿಟ್ಟ. ಮಗು ಕಪಾಟನ್ನೇ ನೋಡುತ್ತ ಅತ್ತಿತು. ತಾನು ಮೊದಲು ತಿಂದು ತೋರಿಸಿದ. ಮಗು ನಾಟಕ ನೋಡುವ ಹಾಗೆ ನೋಡಿ ಚಪ್ಪಾಳೆ ತಟ್ಟಿತು. ತನ್ನ ಸರದಿ ಬಂದಾಗ ಅದೇ ಚಿಲಕ. ಮಧ್ಯಾಹ್ನದ ಹೊತ್ತಿಗೆ ಅವನೇ ಸೋತು, ಕೈಚೆಲ್ಲಿ, ಬಾಟಲಿ ಇಳಿಸುತ್ತಿದ್ದ. ಹಸಿದ ಮಗುವಿನ ಎದುರು ಹಟ ಹಿಡಿಯುವ ಗಟ್ಟಿತನ ಅವನದಲ್ಲ. ಹಟ ಹಿಡಿಯದೆ ಇದ್ದದ್ದೇ ತಪ್ಪಾಯಿತೇನೋ ಅನ್ನುವ ಕೊರಗು ಸಂಜೆಯವರೆಗೂ ಯಂತ್ರದ ಜೊತೆ ಓಡುತ್ತಿತ್ತು.

ಗಿರಾಕಿಗಳ ಸಲಹೆಗಂತೂ ಬರವಿರಲಿಲ್ಲ.

"ಏನ್ ಮೇಷ್ಟ್ರೇ," ಅಂದಿದ್ದ ಬಾಡಿಗೆ ಕಾರಿನ ಡ್ರೈವರ್, ಹೊಸ ಸಮವಸ್ತ್ರದ ಪ್ಯಾಂಟು ಹಾಕಿಕೊಂಡು ಮಣೆ ಹತ್ತುತ್ತ. ದರ್ಜಿಯನ್ನು ಅವನು ಕರೆಯುತ್ತಿದ್ದದ್ದೇ ಹಾಗೆ. "ಗುಂಡಿ ಏನೋ ಚೆನ್ನಾಗಿ ಮಾಡಿದ್ದೀರಿ. ಕಾಜಾದ ತೂತು ಕೊರೆಯೋದು ಮರೆತ್ರಾ?"

"ನೆಟ್ಟಗೆ ನಿಂತ್ಕೊಳಯ್ಯಾ. ಒಂದು ಕಾಲು ಗಿಡ್ಡ ಆಗುತ್ತೆ."

"ಆಗ್ಲಿ ಬಿಡಿ, ಬ್ರೇಕ್ ಒತ್ತೋ ಕಾಲಿಂದು ಗಿಡ್ಡ ಆದ್ರೆ ಒಳ್ಳೇದೇ, ಸಿಕ್ಕಿಹಾಕ್ಕೊಳಲ್ಲ."

ಅವತ್ತು ಆ ಮಣೆಯ ಮುಂದೆ ಮಂಡಿಯೂರಿ ಕೂತಿದ್ದಾಗಲೇ ಅನಾಹುತ ನಡೆದದ್ದು.

ದರ್ಜಿಗೆ ಪ್ಯಾಂಟಿನ ಅಂಚು ಮಡಚಿ ಗುರುತು ಹಾಕುವಾಗ ಗುಂಡುಸೂಜಿಗಳನ್ನು ತುಟಿಗಳ ನಡುವೆ ಹಿಡಿದುಕೊಳ್ಳುವ ಅಭ್ಯಾಸ. ಎಳೆಯ ವಯಸ್ಸಿನಲ್ಲಿ ಕೆಲಸ ಕಲಿಸಿದ ಗುರು ಹೇಳಿಕೊಟ್ಟ ಮೊದಲ ಪಾಠವೂ ಅದೇ: ಬಾಯಲ್ಲಿ ಸೂಜಿ ಇದ್ದಾಗ ನಗಬೇಡ, ಸೀನಬೇಡ, ಯಾರಿಗೂ ಉತ್ತರ ಕೊಡಬೇಡ. ನಡುವೆ ಕೆಲವು ವರ್ಷ ಹತ್ತಿಯ ದಿಂಬಿಗೆ ಸೂಜಿ ಚುಚ್ಚಿಡುತ್ತಿದ್ದ. ಗುಂಡಿ ಅಂಬೆಗಾಲಿಡಲು ಶುರು ಮಾಡಿದ ಮೇಲೆ ದಿಂಬನ್ನು ಎತ್ತಿಟ್ಟುಬಿಟ್ಟ. ಒಂದು ಸೂಜಿ ನೆಲಕ್ಕೆ ಬಿದ್ದು ಮಗುವಿನ ಕೈಗೆ ಸಿಕ್ಕಿದರೆ? ಬಾಯಿಯಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ. ಹಾಗಾಗಿ ಹಗಲಿನ ಬಹುಪಾಲು ಅವನ ತುಟಿ ಮುಚ್ಚಿಯೇ ಇರುತ್ತಿತ್ತು. ಕ್ರಮೇಣ ಸೂಜಿ ಇರಲಿ ಬಿಡಲಿ, ಕೈ ಸೂಕ್ಷ್ಮದ ಕೆಲಸಕ್ಕೆ ಇಳಿದರೆ ಸಾಕು, ತುಟಿ ತಾನಾಗಿ ಒಳಕ್ಕೆ ಸರಿದು ಬಿಗಿಯುತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಯಾರಿಗೆ ತಾನೇ ತನ್ನ ಮುಖ ಕಾಣುತ್ತದೆ?

ಅವತ್ತು ಹೆಂಡತಿಗೆ ರಜೆ. ಪರದೆಯ ಹಿಂದಿನಿಂದ, ಫೋನಿಗೆ ಕೈ ಅಡ್ಡ ಹಿಡಿದು ಕೂಗಿದಳು. "ರೀ, ಅಮ್ಮ ಫೋನಲ್ಲಿದ್ದಾಳೆ. ಭಾನುವಾರ ಬಂದು ಗುಂಡೀನ ಒಂದೆರಡು ತಿಂಗಳು ತನ್ನ ಮನೆಗೆ ಕರ್ಕೊಂಡು ಹೋಗ್ತಾಳಂತೆ. ಊಟ ಕಲಿಸಿ ತಂದು ಬಿಡ್ತಾಳಂತೆ. ಏನ್ ಹೇಳ್ಲಿ, ಕಳಿಸೋಣವಾ?"

ದರ್ಜಿ ಸರ್ರನೆ ಪರದೆಯತ್ತ ತಿರುಗಿದ. ಗುರುವಿನ ಪಾಠ ಮರೆತು, ಸೂಜಿಗಳ ನಡುವಿನಿಂದಲೇ "ಊಹೂಂ" ಅಂದ. ಆದರೆ ಮುಚ್ಚಿದ ತುಟಿಯೊಳಗೆ 'ಊ' ಮೂಗಿನಲ್ಲೇ ಸತ್ತುಹೋಗಿ, ಪರದೆ ದಾಟಿದ್ದು ಬರೀ "ಹೂಂ".

"ಹೂಂ ಅಂತಿದ್ದಾರಮ್ಮಾ," ಅಂದಳು ಹೆಂಡತಿ ಫೋನಿಗೆ. ದಿನವಿಡೀ ಗಾಜಿನ ಆಚೆಯ ಗೊಣಗಾಟಗಳಿಂದಲೇ ಊರಿನ ಹೆಸರು, ಸೀಟಿನ ಲೆಕ್ಕ ತಿಳಿದುಕೊಳ್ಳುವವಳು ಅವಳು. ಹೂಂ ಅಂದರೆ ಟಿಕೆಟ್ ಹರಿಯುವುದೇ ಅಭ್ಯಾಸ.

ದರ್ಜಿ ಸೂಜಿಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು, ಒಂದೂ ಬಿದ್ದಿಲ್ಲವೆಂದು ನೋಡಿಕೊಂಡು ಒಳಗೆ ಹೋಗುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಹೆಂಡತಿ ಹಾಸಿಗೆಯ ಅಂಚಿಗೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ನೀವು ಒಪ್ಪಿದ್ದು ಒಳ್ಳೇದಾಯ್ತು," ಅಂದಳು. "ನೀವು ಬೇಡ ಅಂದಿದ್ರೆ ನಂಗೊಬ್ಬಳಿಗೆ ಧೈರ್ಯ ಆಗ್ತಿರ್ಲಿಲ್ಲ. ಡಾಕ್ಟರಮ್ಮ ಕಣ್ಣು ಎಳೆದು ನೋಡಿದಾಗಿಂದ ಕೌಂಟರಲ್ಲಿ ತಪ್ಪು ತಪ್ಪು ಟಿಕೆಟ್ ಕೊಡ್ತಿದ್ದೀನಿ."

ದರ್ಜಿ ಬಾಯಿ ತೆರೆದ. ನಾನು ಅಂದದ್ದು ಹೂಂ ಅಲ್ಲ ಅನ್ನಬೇಕು. ಅಂದ ಮೇಲೆ ಅವಳು ಕೇಳುತ್ತಾಳೆ, ಹಾಗಾದರೆ ನೀವು ತಿನ್ನಿಸ್ತೀರಾ? ಬಾಯಿ ಹಾಗೇ ಮುಚ್ಚಿಕೊಂಡಿತು. ಉಳಿದದ್ದು ಒಂದೇ ದಾರಿ. ಭಾನುವಾರದೊಳಗೆ ಗುಂಡಿ ತಿನ್ನಬೇಕು. ತಿಂದರೆ ಯಾರೂ ಯಾರನ್ನೂ ಕರೆದೊಯ್ಯುವ ಮಾತೇ ಬರುವುದಿಲ್ಲ.

ಆ ವಾರ ಅವನು ಚಮಚ ಹಿಡಿದ ಹಾಗೆ ಜೀವನದಲ್ಲಿ ಸೂಜಿಯನ್ನೂ ಹಿಡಿದಿರಲಿಲ್ಲ. ಉಸಿರು ಬಿಗಿಹಿಡಿದು, ಕಣ್ಣು ಕೀಲಿಸಿ, ಕೈಯನ್ನು ಕಲ್ಲು ಮಾಡಿಕೊಂಡು. ಅವನು ಎಷ್ಟು ಜತನ ಮಾಡಿದನೋ ಮಗು ಅಷ್ಟೇ ಬಿಗಿಯಾಗಿ ತುಟಿ ಮುಚ್ಚಿತು.

ಅತ್ತೆ ಬಂದೇ ಬಂದರು. ಅವರು ಬರುವ ಸದ್ದು ಬೀದಿಯ ತಿರುವಿನಿಂದಲೇ ಕೇಳಿಸಿತು. ಟ್ರೈನಿನಲ್ಲಿ ಪಕ್ಕ ಕೂತವಳ ಸೊಸೆಯ ಕಥೆ, ನಿಲ್ದಾಣದ ಮೆಟ್ಟಿಲುಗಳ ಮೇಲಿನ ಸಿಟ್ಟು, ಕಾಲು ಮುರಿದುಕೊಂಡು ಮಲಗಿರುವ ಮಾವನವರ ಹಟಮಾರಿತನ, ಎಲ್ಲವನ್ನೂ ಚಪ್ಪಲಿ ಬಿಡುವಷ್ಟರಲ್ಲಿ ಹೇಳಿ ಮುಗಿಸಿದರು. "ಪಕ್ಕದ ಮನೆಯವಳಿಗೆ ಒಪ್ಪಿಸಿ ಬಂದಿದ್ದೀನಿ, ನಾಳೆ ಬೆಳಗಿನ ಟ್ರೈನಿಗೆ ಹೊರಡಲೇಬೇಕು. ಎಲ್ಲಿ ನನ್ನ ಬಂಗಾರಿ? ಅಯ್ಯೋ, ಇದೇನು ಹೀಗಿದೆ, ಹ್ಯಾಂಗರಿಗೆ ನೇತು ಹಾಕಿದ ಅಂಗಿ ಹಾಗೆ? ಅಳಿಯಂದ್ರೇ, ಇದಕ್ಕೂ ಹೊಲಿಗೆ ಹಾಕಿ ಸೊಂಟ ಹಿಡಿದುಬಿಟ್ರಾ?"

ದರ್ಜಿ ನಗಲು ನೋಡಿದ. ಆಗಲಿಲ್ಲ.

ಕೈಕಾಲು ತೊಳೆದು ಬಂದ ಅತ್ತೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಮಧ್ಯಾಹ್ನ ಅವನು ಸೋತು ಬಿಟ್ಟಿದ್ದ ಅದೇ ಬಟ್ಟಲು, ಅದೇ ಆಲೂಗಡ್ಡೆ, ಅದೇ ರಬ್ಬರಿನ ಚಮಚ. ಅವರು ತಮ್ಮ ಮಗಳ ಜೊತೆ ಮಾತಾಡುತ್ತಲೇ, ಚಮಚದ ಕಡೆ ನೋಡದೆಯೇ, "ಆ... ಹಾಂ... ಯಾರಿಗೆ ಇದು, ಆ..." ಅಂತ ತಮ್ಮ ಬಾಯನ್ನು ಕಪ್ಪೆಯ ಹಾಗೆ ಅಗಲಿಸಿದರು. ಗುಂಡಿ ಅಜ್ಜಿಯ ಬಾಯೊಳಗೆ ಇಣುಕಿದಳು. ಅಲ್ಲಿನ ಚಿನ್ನದ ಹಲ್ಲು ನೋಡಿದಳು. ನೋಡುತ್ತ ನೋಡುತ್ತ ಅವಳ ಬಾಯಿಯೂ ತೆರೆದುಕೊಂಡಿತು.

ಚಮಚ ಒಳಗೆ ಹೋಗಿ ಖಾಲಿಯಾಗಿ ಹೊರಗೆ ಬಂತು.

ಗುಂಡಿ ಮುಖ ಕಿವುಚಿ, ಒಂದು ಸಲ ನಡುಗಿ, ನುಂಗಿದಳು. ಮತ್ತೊಂದು. ಇನ್ನೊಂದು. ಅರ್ಧ ಬಟ್ಟಲು ಖಾಲಿ. ಹೆಂಡತಿ ಬಾಗಿಲಿಗೆ ಒರಗಿ ಸೆರಗು ಬಾಯಿಗೊತ್ತಿಕೊಂಡು ಅಳುತ್ತ ನಗುತ್ತಿದ್ದಳು. ದರ್ಜಿಗೂ ಕಣ್ಣು ತುಂಬಿ ಬಂತು. ಮಗಳು ತಿಂದಳಲ್ಲ ಅಂತ ಜೀವ ಹಗುರಾಯಿತು, ತನ್ನ ಕೈಯಿಂದ ತಿನ್ನಲಿಲ್ಲವಲ್ಲ ಅಂತ ಅಷ್ಟೇ ನೋವಾಯಿತು.

"ಎಲ್ಲಾ ಕೈಗುಣ ಕಣ್ರೀ ಅಳಿಯಂದ್ರೇ," ಅಂದರು ಅತ್ತೆ, ಬೇಸರ ಮಾಡಬೇಕೆಂದಲ್ಲ, ಸಮಾಧಾನ ಹೇಳುವ ದನಿಯಲ್ಲೇ. "ನಿಮ್ಮ ಕೈಗುಣ ಬಟ್ಟೆಗೆ ಒಗ್ಗಿದೆ. ಮಕ್ಕಳಿಗೆ ಬೇರೆ ಕೈ ಬೇಕು."

ಅವನು ತನ್ನ ಕೈಗಳನ್ನು ನೋಡಿಕೊಂಡ. ಕತ್ತರಿ ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳ ತುದಿ. ಇದ್ದರೂ ಇರಬಹುದು, ಅನ್ನಿಸಿತು.

ಮರುದಿನ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ತಡವಾಗಿ ಬರುವುದಾಗಿ ಹೇಳಿ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅತ್ತೆ ಸ್ನಾನಕ್ಕೆ ಹೋಗಿದ್ದರು. ರೈಲು ನಿಲ್ದಾಣಕ್ಕೆ ಬಿಡಲು ಬಾಡಿಗೆ ಕಾರಿನ ಡ್ರೈವರಿಗೇ ಹೇಳಿಯಾಗಿತ್ತು. ದರ್ಜಿ ಹಿಸುಕಿದ ಬಾಳೆಹಣ್ಣಿನ ಬಟ್ಟಲು ಹಿಡಿದು, ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದ. ಕೊನೆಯದೊಂದು ಸಲ. ಒಳಗೆ ಅವರೆದುರು ಸೋಲುವುದು ಬೇಡವಾಗಿತ್ತು.

ಮಣೆಯ ಮೇಲೆ ಕೂತು, ಮಗುವನ್ನು ಮಡಿಲಲ್ಲಿ ಎದುರಿಗೆ ಕೂರಿಸಿಕೊಂಡು ಚಮಚ ಎತ್ತಿದ. ಗುಂಡಿ ನಿನ್ನೆ ತಿಂದವಳು, ಇಂದು ತಿನ್ನಬಹುದು. ಇಲ್ಲ. ತುಟಿ ಒಳಕ್ಕೆ ಹೋಯಿತು, ಚಿಲಕ ಬಿತ್ತು. ಅವನು ನಿಟ್ಟುಸಿರು ಬಿಟ್ಟು ತಲೆ ಎತ್ತಿದ. ಎದುರಿಗೆ ಆಳೆತ್ತರದ ಕನ್ನಡಿ.

ಅದರಲ್ಲಿ ಒಬ್ಬ ಗಂಡಸು ಚಮಚ ಎತ್ತಿ ಹಿಡಿದು ಕೂತಿದ್ದ. ಕೈ ಎಷ್ಟು ಸ್ಥಿರವಾಗಿತ್ತೋ ತುಟಿ ಅಷ್ಟೇ ಬಿಗಿಯಾಗಿತ್ತು. ಎರಡೂ ತುಟಿ ಒಳಕ್ಕೆ ಸರಿದು ಬಾಯಿಯಿದ್ದ ಕಡೆ ಬರೀ ಒಂದು ಗೆರೆ. ಇಲ್ಲದ ಸೂಜಿಗಳನ್ನು ಕಚ್ಚಿಕೊಂಡ ಬಾಯಿ. ಮಡಿಲಿನತ್ತ ನೋಡಿದ. ಅಲ್ಲಿಯೂ ಅದೇ ಗೆರೆ, ಚಿಕ್ಕದು.

ಚಮಚದ ಬಾಳೆಹಣ್ಣು ಅವನ ಮೊಣಕಾಲ ಮೇಲೆ ಜಾರಿ ಬಿತ್ತು.

ಇಷ್ಟು ದಿನ ಮಗು ಬೇಡ ಅಂದದ್ದಲ್ಲ. ಅಪ್ಪ ಮಾಡಿದ್ದನ್ನು ಮಾಡಿದ್ದು. ಕಲಿಸಿದ್ದನ್ನು ಕಲಿತದ್ದು.

ಅವನು ಬಾಯಿ ತೆರೆದು ಮತ್ತೆ ಚಮಚ ಎತ್ತಿದ. ಬಾಯಿ ತೆರೆದ ಕೂಡಲೇ ಕೈ ನಡುಗಿತು. ಬಾಳೆಹಣ್ಣು ಮಗುವಿನ ಮೂಗಿಗೆ ಮೆತ್ತಿಕೊಂಡಿತು. ಕೈ ಸರಿಮಾಡಿದರೆ ತುಟಿ ಮುಚ್ಚಿತು. ತುಟಿ ಬಿಡಿಸಿದರೆ ಕೈ ತಪ್ಪಿತು. ಒಂದೇ ದಾರಕ್ಕೆ ಕಟ್ಟಿದ ಎರಡು ತುದಿಗಳ ಹಾಗೆ ಅವು ಒಂದನ್ನೊಂದು ಎಳೆದಾಡಿದವು. ಬೆವರು ಕಿತ್ತುಕೊಂಡು ಬಂತು. ಕೊನೆಗೆ ಕೈಯ ಚಿಂತೆ ಬಿಟ್ಟು, ಕನ್ನಡಿಯಲ್ಲಿ ತನ್ನ ಬಾಯನ್ನೇ ಕಾಯುತ್ತ, "ಆ..." ಅಂದ. ಗುಂಡಿ ಆಶ್ಚರ್ಯದಿಂದ ನೋಡಿದಳು. ಅಪ್ಪನಿಗೂ ಹಲ್ಲುಗಳಿವೆ. ಅವಳ ಬಾಯಿ ಸ್ವಲ್ಪವೇ ಬಿಚ್ಚಿಕೊಂಡಿತು, ಅವನು ಚಮಚ ತುರುಕಿದ, ಅರ್ಧ ಗಲ್ಲಕ್ಕೆ ಹರಿಯಿತು, ಅರ್ಧ ಒಳಗೆ ಹೋಯಿತು.

"ಇವಳೇ!" ಅಂತ ಕೂಗಿದ ದರ್ಜಿ. "ಬಾ ಇಲ್ಲಿ, ಬಾ."

ಹೆಂಡತಿ ಚೀಲ ಹಿಡಿದೇ ಓಡಿ ಬಂದಳು. ಹಿಂದೆ ಒದ್ದೆ ತಲೆಯ ಅತ್ತೆ. ಬಾಗಿಲಲ್ಲಿ ಡ್ರೈವರ್ ಕೂಡ ಬಂದು ನಿಂತಿದ್ದ.

"ಕೈಗುಣ ಅಲ್ಲ ಅತ್ತೆ, ಬಾಯಿಗುಣ. ನಾನು ತುಟಿ ಮುಚ್ಕೊತೀನಿ, ಅದಕ್ಕೆ ಅವಳೂ ಮುಚ್ಕೊತಾಳೆ. ನೋಡಿ, ಈಗ ತಿಂದ್ಲು. ನೋಡಿ." ಅವನು ಮತ್ತೆ ಚಮಚ ಎತ್ತಿದ. ಎಲ್ಲರೂ ನೋಡುತ್ತಿದ್ದರು, ಕೈ ತಪ್ಪಬಾರದು. ಕೈ ತಪ್ಪಲಿಲ್ಲ. ತುಟಿ ಮುಚ್ಚಿತು. ಗುಂಡಿಯದೂ ಮುಚ್ಚಿತು.

ಹೆಂಡತಿ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಇನ್ನೊಂದ್ಸಲ," ಅಂದ.

"ಬಿಡಿ ಅಳಿಯಂದ್ರೇ," ಅಂದರು ಅತ್ತೆ ಮೆತ್ತಗೆ. "ಒಂದು ತುತ್ತು ತಿಂದ್ಲಲ್ಲ, ಸಂತೋಷ. ಒಂದು ತುತ್ತಲ್ಲಿ ಮಗು ಬೆಳೆಯಲ್ಲ. ನಾನೇನು ಕದ್ದುಕೊಂಡು ಹೋಗ್ತೀನಾ?"

"ಅವತ್ತು ನೀವೇ ಹೂಂ ಅಂದ್ರಲ್ಲ," ಅಂದಳು ಹೆಂಡತಿ.

"ನಾನು ಅಂದಿದ್ದು ಊಹೂಂ."

"ಏನು?"

"ಊಹೂಂ ಅಂದೆ. ಬಾಯಲ್ಲಿ ಸೂಜಿ ಇತ್ತು."

ಡ್ರೈವರ್ ಗಂಟಲು ಸರಿಮಾಡಿಕೊಂಡ. "ನಂಗೂ ಹೂಂ ಅಂತಲೇ ಕೇಳಿಸ್ತು, ಮೇಷ್ಟ್ರೇ. ನಿಮ್ಮ ಬಾಯಿ ಪಕ್ಕದಲ್ಲೇ ನನ್ನ ಕಾಲಿತ್ತು." ಯಾರೂ ನಗದೆ ಇದ್ದದ್ದು ನೋಡಿ ಹೊರಗೆ ಹೋಗಿ ಕಾರಿನ ಗಾಜು ಒರೆಸತೊಡಗಿದ.

ಹೆಂಡತಿ ಚೀಲವನ್ನು ನೆಲಕ್ಕಿಟ್ಟಳು. ಗಂಡನ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತು, ಅವನ ಮುಖವನ್ನು ಗಾಜಿನ ಆಚೆಯವರನ್ನು ನೋಡುವ ಹಾಗಲ್ಲದೆ, ತೀರ ಹತ್ತಿರದಿಂದ ನೋಡಿದಳು. "ಈಗ ಬಾಯಲ್ಲಿ ಏನೂ ಇಲ್ಲ ತಾನೇ? ಈಗ ಹೇಳಿ. ಕಳಿಸೋಣವಾ, ಬೇಡವಾ? ನೀವು ಹೇಳಿದ ಹಾಗೆ."

ದರ್ಜಿ ಮಗುವನ್ನು ನೋಡಿದ. ಮೂಗಿನ ಮೇಲೆ ಬಾಳೆಹಣ್ಣು ಒಣಗುತ್ತಿತ್ತು. ಕೊರಳಪಟ್ಟಿ ದೊಡ್ಡದಾಗಿ ಕೊರಳು ಒಳಗೆ ಆಡುತ್ತಿತ್ತು. ಅವನೇ ಹೊಲಿದ ಅಂಗಿ, ಹೊಲಿದಾಗ ಅಳತೆ ಸರಿಯಿತ್ತು. ಇಲ್ಲಿದ್ದರೆ ಕಲಿತಾಳು, ತಾನೂ ಕಲಿತೇನು. ಎಷ್ಟು ದಿನಕ್ಕೆ? ಅಷ್ಟು ದಿನ ಈ ಕೊರಳು ಕಾದೀತೇ? ತನಗೆ ಅವಳು ಬೇಕು ಅನ್ನುವುದು ನಿಜ. ಅದು ಅವಳ ಹೊಟ್ಟೆಗೆ ಬೀಳುವುದಿಲ್ಲ. ಸೂಜಿ ಕಚ್ಚಿಕೊಂಡು ಉತ್ತರ ಕೊಡುವುದೇ ಸುಲಭವಿತ್ತು.

"ಹೂಂ," ಅಂದ.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ ಕಣೇ. ಕಳಿಸೋಣ."

ಅವಳು ಇನ್ನೂ ಒಂದು ಗಳಿಗೆ ಕಾದಳು, 'ಊ' ಎಲ್ಲಾದರೂ ಸಿಕ್ಕಿಕೊಂಡಿದೆಯೇನೋ ಅನ್ನುವ ಹಾಗೆ. ಆಮೇಲೆ ಎದ್ದು ಚೀಲ ತೆಗೆದುಕೊಂಡಳು. ಅದರ ಮೇಲೆ ಖಾಲಿ ಬಾಟಲಿ ಇಟ್ಟು, ತೆಗೆದು, ಮತ್ತೆ ಇಟ್ಟಳು.

ಅತ್ತೆ ಕಾರಿನೊಳಗೆ ಕೂತ ಮೇಲೂ ಮಾತಾಡುತ್ತಲೇ ಇದ್ದರು: ದಿನಾ ಫೋನ್ ಮಾಡ್ತೀನಿ, ತಿಂದದ್ದು ಹೇಳ್ತೀನಿ, ಅಳಬೇಡ್ರೋ, ಟ್ರೈನ್ ಹತ್ತೋ ಮುಂಚೆ ನಂಗೂ ಅಳು ಬರುತ್ತೆ. ಡ್ರೈವರ್ ಗಾಜು ಏರಿಸಿದ. ಮಾತು ನಿಂತಿತು, ಬಾಯಿ ಮಾತ್ರ ಆಡುತ್ತಿತ್ತು.

ಅಜ್ಜಿಯ ತೊಡೆಯ ಮೇಲೆ ನಿಂತ ಗುಂಡಿ ಗಾಜಿಗೆ ಅಂಗೈ ಒತ್ತಿ ಅಪ್ಪನನ್ನು ಹುಡುಕಿದಳು. ಸಿಕ್ಕಿದ. ಸಿಕ್ಕಿದ ಕೂಡಲೇ ತುಟಿಗಳನ್ನು ಒಳಕ್ಕೆಳೆದುಕೊಂಡು, ಕಣ್ಣಲ್ಲಿ ನಗುತ್ತ, ಬಿಗಿಯಾಗಿ ಮುಚ್ಚಿದಳು. ಬೇರೆ ಯಾರಿಗೂ ಅವಳು ಹಾಗೆ ಮಾಡುತ್ತಿರಲಿಲ್ಲ. ಅದು ಅಪ್ಪನಿಗೆಂದೇ ಇಟ್ಟುಕೊಂಡ ಮುಖ.

ಕಾರು ಹೊರಟಿತು. ದರ್ಜಿ ಅದರ ಜೊತೆ ಬೀದಿಗುಂಟ ಹೆಜ್ಜೆ ಹಾಕಿದ. ಬಾಯನ್ನು ಆದಷ್ಟೂ ಅಗಲ ತೆರೆದುಕೊಂಡು, "ಆ... ಆ..." ಅಂತ ಗಾಜಿಗೆ ತೋರಿಸುತ್ತ ನಡೆದ, ಆಮೇಲೆ ಓಡಿದ. ಎದುರು ಬಂದ ಸೈಕಲ್ಲಿನವನು ಪಕ್ಕಕ್ಕೆ ಸರಿದು, ಹಲ್ಲುನೋವೇನೋ ಅಂದುಕೊಂಡು ಮರುಕದಿಂದ ನೋಡಿದ. ಗಾಜಿನ ಹಿಂದೆ ಚಿಕ್ಕ ಗೆರೆಯೊಂದು ಬಿಚ್ಚಿಕೊಂಡು ದುಂಡಗಾದ ಹಾಗೆ ಕಂಡಿತು. ಅಷ್ಟರಲ್ಲಿ ಕಾರು ತಿರುವು ತೆಗೆದುಕೊಂಡಿತು, ಗಾಜಿನ ಮೇಲೆ ಬಿಸಿಲು ಬಿತ್ತು, ಏನೂ ಕಾಣಲಿಲ್ಲ.

ಅವನು ಬೀದಿಯ ನಡುವೆ ಹಾಗೇ ನಿಂತ. ಬಾಯಿ ಇನ್ನೂ ತೆರೆದೇ ಇತ್ತು.